ತಲೆಕೆಳಗಾಗಿ ಬಂದ ಬೂಟುಗಳು

ನೀವು ನೋಡಿದ ಸಿನಿಮಾಗಳ ಹೀರೋಗಳನ್ನೆಲ್ಲ ಒಂದು ಸಾಲಿನಲ್ಲಿ ನಿಲ್ಲಿಸಿ. ಕತ್ತಿ ಹಿಡಿದವರು, ಕುದುರೆ ಏರಿದವರು, ಒಂದೇ ಏಟಿಗೆ ಹತ್ತು ಜನರನ್ನು ಕೆಡವಿದವರು, ಎಲ್ಲರೂ ಬರಲಿ. ನಮ್ಮ ಪ್ರಾಗಿನ ಹಿನೆಕ್ ಝೆಲಿಂಕಾನ ಮುಂದೆ ಅವರೆಲ್ಲ ಪೋಸ್ಟರಿಗೆ ಅಂಟು ಹಚ್ಚುವವರು. ಯಾಕೆ ಅಂತೀರಾ? ಅವರು ಗುದ್ದಾಡಿದ್ದು ಬಿಳೀ ಪರದೆಯ ಮೇಲೆ. ನಮ್ಮವನು ಹೋದದ್ದು ೧೯೪೮ರ ಮಾರ್ಚಿನಲ್ಲಿ, ವಿದೇಶಾಂಗ ಮಂತ್ರಾಲಯದ ಕ್ರಿಯಾ ಸಮಿತಿಯ ಮುಂದೆ, ಒಬ್ಬನೇ. ಒಳಗೆ ಹೋದವನು ಕೋಟು ಬಿಚ್ಚಿ ಕುರ್ಚಿಗೆ ಹಾಕಿ, ಮೇಜಿನೆದುರು ಎರಡೂ ಕೈಯೂರಿ ತಲೆಕೆಳಗಾಗಿ ನಿಂತು, "ನೀವು ಹುಡುಕ್ತಿರೋ ಮನುಷ್ಯ ನಾನೇ" ಅಂದ. ನಂಬಿಕೆ ಬರದಿದ್ದರೆ ಪೂರ್ತಿ ಕೇಳಿ.

ಕಾರಿಡಾರಿನ ಬೆಂಚು ತಣ್ಣಗಿತ್ತು. ಹಿನೆಕ್ ಅದರ ತುದಿಯಲ್ಲಿ ಕೂತು ಎದುರಿನ ಬಾಗಿಲನ್ನೇ ನೋಡುತ್ತಿದ್ದ. ಎತ್ತರದ ಬಿಳಿ ಬಾಗಿಲು. ಹೋದ ತಿಂಗಳವರೆಗೆ ಅದರ ಹಿಂದೆ ರಾಯಭಾರಿಗಳಿಗೆ ಕಾಫಿ ಕೊಡುತ್ತಿದ್ದರು. ಈಗ ಒಬ್ಬೊಬ್ಬರಾಗಿ ಒಳಗೆ ಕರೆಯುತ್ತಿದ್ದರು. ಹೊರಗೆ ಬಂದವನ ಗತಿ ಏನಾಯಿತು ಅಂತ ಯಾರೂ ಬಾಯಿಬಿಟ್ಟು ಕೇಳುತ್ತಿರಲಿಲ್ಲ. ಟೋಪಿ ಕೈಯಲ್ಲೇ ಇದ್ದರೆ ಅವನು ತನ್ನ ಕೋಣೆಗೆ ವಾಪಸ್ಸು ಹೋಗುತ್ತಾನೆ. ಹೊಸ್ತಿಲಲ್ಲೇ ಟೋಪಿ ತಲೆಗೇರಿಸಿದರೆ ಅವನು ನೇರ ಬೀದಿಗೆ. ಬೆಳಿಗ್ಗೆಯಿಂದ ಬಹಳ ತಲೆಗಳು ಟೋಪಿ ಏರಿಸಿದ್ದವು. ಸ್ವಿಟ್ಜರ್ಲೆಂಡಿನ ಬರ್ನ್‌ನಲ್ಲಿ ಹದಿನಾಲ್ಕು ವರ್ಷ ಕಳೆದು ಬಂದಿದ್ದ ಒಬ್ಬ ಹಿರಿಯರು ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು ಹೊರಟರು. ಹಿಂದಿನ ದಿನಗಳಾಗಿದ್ದರೆ ಹಿನೆಕ್ ಅದಕ್ಕೊಂದು ಡೈಲಾಗು ಹೊಡೆಯುತ್ತಿದ್ದ. ಈಗ ತನ್ನ ಟೋಪಿಯ ಮುಂಭಾಗ ಯಾವುದೆಂದು ನೋಡಿಕೊಂಡ.

ಅವನಿಗೆ ಇಪ್ಪತ್ತನಾಲ್ಕು. ಶಿಷ್ಟಾಚಾರ ವಿಭಾಗದ ಕಿರಿಯ ಗುಮಾಸ್ತ. ಯಾವ ದೇಶದವರು ಯಾವ ಕುರ್ಚಿಯಲ್ಲಿ ಕೂರಬೇಕು, ಯಾರಿಗೆ ಯಾವ ಹೂ ಕೊಡಬೇಕು, ಯಾರ ಹೆಂಡತಿಯ ಪಕ್ಕ ಯಾರನ್ನು ಕೂರಿಸಬಾರದು ಎಂಬುದು ಅವನ ಕೆಲಸ. ಬಿಟ್ಟ ವೇಳೆಯಲ್ಲೆಲ್ಲ ಸಿನಿಮಾ ಟಾಕೀಸಿನ ಅಗ್ಗದ ಸಾಲು. ಮಂತ್ರಾಲಯದ ದೊಡ್ಡವರ ನಡಿಗೆ, ಕೆಮ್ಮು, ಸೀನು, ಎಲ್ಲವನ್ನೂ ಖಳನಾಯಕನ ದನಿಯಲ್ಲಿ ಮಾಡಿ ತೋರಿಸಿ ಟೈಪಿಸ್ಟುಗಳನ್ನು ನಗಿಸುವುದರಲ್ಲಿ ಅವನನ್ನು ಮೀರಿಸಿದವರಿರಲಿಲ್ಲ. ಅವನನ್ನು ಈ ಬೆಂಚಿಗೆ ತಂದು ಕೂರಿಸಿದ್ದೂ ಅಂಥದೇ ಒಂದು ಆಟ.

ಮಂತ್ರಾಲಯವಿದ್ದದ್ದು ಒಂದು ಹಳೇ ಅರಮನೆಯಲ್ಲಿ, ಅಲ್ಲೊಂದು ಲಿಫ್ಟಿತ್ತು. ಬಾಗಿಲಿಲ್ಲ, ಗುಂಡಿಯಿಲ್ಲ, ನಿಲ್ಲುವ ಮಾತೇ ಇಲ್ಲ. ಇಬ್ಬರು ನಿಲ್ಲುವಷ್ಟು ಅಗಲದ ಮರದ ಪೆಟ್ಟಿಗೆಗಳು ಸರಪಳಿಗೆ ಪೋಣಿಸಿಕೊಂಡು ಎಡಗಡೆ ಏರುತ್ತ, ಬಲಗಡೆ ಇಳಿಯುತ್ತ, ದಿನವಿಡೀ ಸುತ್ತುತ್ತಿದ್ದವು. ಹತ್ತುವವರು ಹೆಜ್ಜೆ ಹಾಕಿ ಒಳಗೆ ಹಾರಬೇಕು, ಇಳಿಯುವವರು ಹೊರಗೆ ಹಾರಬೇಕು. ಅದಕ್ಕೆ ಎಲ್ಲರೂ ಜಪಮಾಲೆ ಎನ್ನುತ್ತಿದ್ದರು. ಕೊನೆಯ ಮಹಡಿಯಲ್ಲಿ ಒಂದು ಹಿತ್ತಾಳೆ ತಗಡಿತ್ತು: ‘ಮೇಲಿನಿಂದ ದಾಟಿಹೋಗುವುದು ಅಪಾಯಕರವಲ್ಲ.’ ಅಪಾಯವಿಲ್ಲ ಅಂತ ಬರೆದಿದ್ದರೆ ಯಾರಿಗೆ ತಾನೆ ಅಪಾಯದ ಯೋಚನೆ ಬರುವುದಿಲ್ಲ? ಹೊಸದಾಗಿ ಕೆಲಸಕ್ಕೆ ಸೇರಿದವರೆಲ್ಲ ಕೇಳುತ್ತಿದ್ದರು, ಇಳಿಯದೆ ಹಾಗೇ ಮೇಲೆ ಹೋದರೆ ಏನಾಗುತ್ತೆ ಅಂತ. ಹಳಬರು ಗಂಭೀರವಾಗಿ ಹೇಳುತ್ತಿದ್ದರು, "ಏನಿಲ್ಲ, ಪೆಟ್ಟಿಗೆ ಮಗುಚಿಕೊಳ್ಳುತ್ತೆ. ಆ ಕಡೆಯಿಂದ ತಲೆಕೆಳಗಾಗಿ ಇಳೀತೀಯ, ಅಷ್ಟೇ."

ಅದನ್ನು ನಂಬಿಸುವುದು ಹಿನೆಕ್‌ನ ಪಾಲಿನ ಕೆಲಸ. ಹೊಸಬ ಮೂರನೇ ಮಹಡಿಯ ಲಿಫ್ಟಿನ ಮುಂದೆ ಬಾಯಿ ತೆರೆದು ನಿಂತಾಗ ಟೈಪಿಸ್ಟ್ ಹೆಡ್ವಿಕಾ ತನ್ನ ಮಣಿಕಟ್ಟಿನ ರಿಬ್ಬನ್ನಿಗೆ ಕಟ್ಟಿದ, ಫೈಲುಗಳ ಬೀರುವಿನ ಕಬ್ಬಿಣದ ಕೀಲಿಕೈಯಿಂದ ಹಿತ್ತಾಳೆ ಹಿಡಿಕೆಗೆ ಎರಡು ಸಲ ಬಡಿಯುತ್ತಿದ್ದಳು. ಆ ಸದ್ದು ಮೇಲಿನವರೆಗೂ ಹೋಗುತ್ತಿತ್ತು. ಮೇಲೆ ಕಾದಿದ್ದ ಹಿನೆಕ್ ಏರುವ ಪೆಟ್ಟಿಗೆಗೆ ಹಾರಿ, ಗಾಲಿಗಳು ಗರಗರ ಎನ್ನುವ ಕತ್ತಲೆಯನ್ನು ದಾಟುವಾಗ ಕೈಯೂರಿ ಕಾಲು ಮೇಲೆತ್ತಿ, ಆ ಕಡೆಯಿಂದ ತಲೆಕೆಳಗಾಗಿ ಇಳಿಯುತ್ತಿದ್ದ. ಕೆಂಪಾದ ಮುಖ, ಕಿವಿಯ ಪಕ್ಕ ಜೋತಾಡುವ ಟೈ. "ಕಾಪಾಡಿ, ನನ್ನ ತಿರುಗಿಸಿ" ಅಂತ ನರಳುತ್ತ ಕೆಳಗಿನ ಮಹಡಿಗೆ ಜಾರಿಹೋಗುತ್ತಿದ್ದ. ಮುಂದೆ ರಾಯಭಾರಿಗಳಾದವರೂ ಮೊದಲ ದಿನ ಆ ಮರ್ಯಾದೆ ಮಾಡಿಸಿಕೊಂಡವರೇ.

ಫೆಬ್ರವರಿಯಲ್ಲಿ ಸರಕಾರ ಕಮ್ಯುನಿಸ್ಟರ ಕೈಗೆ ಹೋಯಿತು. ಮಂತ್ರಾಲಯದ ಬಾಗಿಲಿಗೆ ತೋಳಿಗೆ ಕೆಂಪು ಪಟ್ಟಿ ಕಟ್ಟಿದವರು ಬಂದು ನಿಂತರು. ‘ನಮಸ್ಕಾರ ಸಾಹೇಬರೇ’ ಹೋಗಿ ‘ದುಡಿಮೆಗೆ ಗೌರವ, ಕಾಮ್ರೇಡ್’ ಬಂತು. ಹಾಗೆ ಒಂದು ಬೆಳಿಗ್ಗೆ ಮೂರನೇ ಮಹಡಿಯಲ್ಲಿ ಕ್ಯಾನ್ವಾಸ್ ಜಾಕೀಟಿನ, ಚಪ್ಪಟೆ ಟೋಪಿಯ ಒಬ್ಬ ಗಟ್ಟಿಮುಟ್ಟಾದ ಮನುಷ್ಯ ಇಳಿಯುವ ಪೆಟ್ಟಿಗೆಗಳನ್ನು ನೋಡುತ್ತ ನಿಂತಿದ್ದ. ಬೆರಳ ಸಂದಿಗಳಲ್ಲಿ ಕಪ್ಪು. ಬಾಯ್ಲರಿಗೆ ಕಲ್ಲಿದ್ದಲು ಹಾಕಲು ಹೊಸಬ ಬಂದಿರಬೇಕು ಅಂದುಕೊಂಡಳು ಹೆಡ್ವಿಕಾ. ಎರಡು ಸಲ ಬಡಿದಳು.

ಹಿನೆಕ್ ಆ ದಿನ ಬಲ್ಗೇರಿಯದವರನ್ನು ಎದುರುಗೊಳ್ಳಲು ರೈಲ್ವೆ ನಿಲ್ದಾಣಕ್ಕೆ ಹೋಗಬೇಕಿತ್ತು. ಅದಕ್ಕೆ ವಿಭಾಗದ ಮುಖ್ಯಸ್ಥ ಡಾಕ್ಟರ್ ಸಿಖ್ರಾರ ಕಪ್ಪು ಮೆರುಗಿನ ಬೂಟು ಹಾಕಿದ್ದ. ಅವರೇ ಕೊಟ್ಟದ್ದು. "ರೈಲಿನಿಂದ ಇಳಿಯುವವನ ಕಣ್ಣು ಮೆಟ್ಟಿಲ ಮೇಲಿರುತ್ತೆ, ಝೆಲಿಂಕಾ ಅವರೇ," ಎನ್ನುತ್ತಿದ್ದರು ಅವರು. "ಅವನು ಮೊದಲು ನೋಡೋದು ನಿಮ್ಮ ಬೂಟು. ಮುಖ ಆಮೇಲೆ." ಅವರದು ದೊಡ್ಡ ಪಾದ, ಹಿನೆಕ್‌ನದು ಸಣ್ಣದು. ತುದಿಗೆ ಪೇಪರು ತುರುಕಿಕೊಳ್ಳುತ್ತಿದ್ದ.

ಪೆಟ್ಟಿಗೆಯೊಳಕ್ಕೆ ಕಾಲಿಡಲು ಮುಂದೆ ಬಾಗಿದ್ದ ಆ ಮನುಷ್ಯನ ಮೂಗಿನ ನೇರಕ್ಕೆ ಬಂದದ್ದು ಒಂದು ಜೊತೆ ಹೊಳೆಯುವ ಬೂಟು. ಅವನು ಚೀರಲಿಲ್ಲ. ಹಿಂದಕ್ಕೆ ನೆಗೆದು ಅಮೃತಶಿಲೆಯ ನೆಲದ ಮೇಲೆ ಅಂಗಾತ ಬಿದ್ದ. ಟೋಪಿ ಹಾರಿ ಮುಂದಿನ ಪೆಟ್ಟಿಗೆಯಲ್ಲಿ ಕೂತು ಒಂಟಿಯಾಗಿ ಕೆಳಗಿಳಿಯಿತು. ಯಾರೋ ನಕ್ಕರು, ನಗು ಅರ್ಧಕ್ಕೇ ನಿಂತಿತು. ತಲೆಕೆಳಗಾಗಿದ್ದ ಹಿನೆಕ್‌ಗೆ ಕಂಡದ್ದು ಬಿದ್ದವನನ್ನು ಎತ್ತಲು ಓಡಿಬಂದವರ ತೋಳುಗಳಲ್ಲಿದ್ದ ಕೆಂಪು ಪಟ್ಟಿಗಳು. ಅವನು ಕೆಳಗಿನ ಮಹಡಿಯಲ್ಲಿ ಹೇಗೆ ಹೊರಗೆ ಹಾರಿದನೋ, ಬೂಟು ಬಿಚ್ಚಿ ಡಾಕ್ಟರ್ ಸಿಖ್ರಾರ ಬೀರುವಿನಲ್ಲಿಟ್ಟು ತನ್ನ ಹಳೇ ಬೂಟಿನಲ್ಲೇ ನಿಲ್ದಾಣಕ್ಕೆ ಹೇಗೆ ಓಡಿದನೋ, ಅವನಿಗೇ ನೆನಪಿರಲಿಲ್ಲ.

ಮಧ್ಯಾಹ್ನ ದೊಡ್ಡ ಸಭಾಂಗಣದಲ್ಲಿ ಎಲ್ಲರನ್ನೂ ಸೇರಿಸಿದರು. ಮಣಿಕಟ್ಟಿಗೆ ಬಟ್ಟೆ ಸುತ್ತಿದ್ದ ಆ ಮನುಷ್ಯ ವೇದಿಕೆ ಹತ್ತಿದ.

"ನಾ ಮೆತೋಡೆಯ್ ಕುಬಾತ್. ಕ್ಲಾಡ್ನೋದ ಉಕ್ಕಿನ ಭಟ್ಟಿಯೊಳಗ ಇಪ್ಪತ್ತು ವರ್ಷ ದುಡದಾಂವ. ಇವತ್ತಿನಿಂದ ಇಲ್ಲಿ ಯಾರು ಇರಬೇಕು, ಯಾರು ಹೋಗಬೇಕು ಅನ್ನೂದನ್ನ ನೋಡಾಕ ಪಕ್ಷ ನನ್ನ ಕಳಿಸೇತಿ." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆದರಿಕೆ ಹುಟ್ಟಿಸುವಂತಿತ್ತು. "ಮುಂಜಾನೆ ಒಬ್ಬಾಂವ ತಲಿಕೆಳಗ ಮಾಡಿ ಬಂದು ನಂಗ ಸ್ವಾಗತ ಮಾಡಿದ. ಕಾರ್ಮಿಕರು ಬಂದ್ರ ಲೋಕಾನ ತಲಿಕೆಳಗ ಆಗತೈತಿ ಅಂತ ತೋರಿಸಿದ್ನೋ ಏನೋ, ಶ್ಯಾಣ್ಯಾ ಅದಾನ. ಮುಖಾ ನೆನಪಿಲ್ಲ. ತಲಿಕೆಳಗಿನ ಮುಖಾ ಯಾರದಂತ ತಿಳೀತೈತಿ? ಆದ್ರ ಬೂಟು ನೋಡೇನಿ. ಕನ್ನಡಿ ಇದ್ದಂಗ ಇದ್ವು. ಅದರಾಗ ನನ್ನ ಮುಖಾನ ಕಂಡಿತ್ತು. ನಾ ಮರ್ಯಾದಿ ಇಲ್ಲದಾಂವ ಅಲ್ಲ. ಅಂವನ್ನ ಹುಡಿಕಿ ನಾನೂ ಸ್ವಾಗತ ಮಾಡ್ತೀನಿ."

ಟಾಕೀಸಿನಲ್ಲಾಗಿದ್ದರೆ ಇಂಥ ಮಾತಿಗೆ ಹಿನೆಕ್ ಮೊದಲು ಶಿಳ್ಳೆ ಹೊಡೆಯುತ್ತಿದ್ದ. ಅವತ್ತು ಪಕ್ಕದವನ ಬೆನ್ನ ಹಿಂದೆ ಸರಿದುಕೊಂಡ.

ಎರಡು ದಿನದಲ್ಲಿ ಬೂಟು ಸಿಕ್ಕಿತು. ಸಿಗದೆ ಏನು, ಇಡೀ ಅರಮನೆಯಲ್ಲಿ ಅಂಥ ಬೂಟಿದ್ದದ್ದು ಒಂದೇ ಜೊತೆ. ಹಿನೆಕ್ ಬೆಳಗಿನ ಟಪಾಲು ತೆಗೆದುಕೊಂಡು ಹೋದಾಗ ಡಾಕ್ಟರ್ ಸಿಖ್ರಾ ಬಾಗಿಲು ತೆರೆದಿದ್ದ ಬೀರುವನ್ನು ನೋಡುತ್ತ ಕೂತಿದ್ದರು. ವಯಸ್ಸು ಐವತ್ತೇಳು, ಎಡ ಮೊಣಕಾಲು ಮಡಚುವುದಿಲ್ಲ, ಬಾಗಿಲು ಕಾಯುವವನಿಗೂ ‘ನೀವು’ ಎನ್ನುವ ಮನುಷ್ಯ.

"ಬೂಟು ತೊಗೊಂಡು ಹೋದ್ರು, ಝೆಲಿಂಕಾ ಅವರೇ," ಅಂದರು. "ರಸೀದಿ ಕೂಡ ಕೊಟ್ಟಿದಾರೆ. ಎಡಗಾಲಿಂದು ಒಂದು, ಬಲಗಾಲಿಂದು ಒಂದು ಅಂತ. ನಾನು ಕೈಯೂರಿ ನಿಂತಿದ್ದೆ ಅನ್ನೋದು ಅವರ ಅಭಿಪ್ರಾಯ. ಕೇಳಿ ನನ್ನ ಮೊಣಕಾಲಿಗೆ ಬಹಳ ಹೆಮ್ಮೆಯಾಯ್ತು."

ಹಿನೆಕ್ ನಗಲು ಹೋದ. "ಅದು... ಅವರಿಗೂ ಗೊತ್ತಾಗಲ್ವಾ ಸಾರ್, ನಿಮ್ಮ ಕೈಲಿ ಆಗದ ಕೆಲಸ ಅಂತ?"

"ಗೊತ್ತಾಗೋದು ಬೇರೆ, ಬೇಕಾಗೋದು ಬೇರೆ. ನನ್ನಂಥೋನ್ನ ಕಳಿಸೋಕೆ ಅವರಿಗೊಂದು ನೆಪ ಬೇಕಿತ್ತು. ಬೂಟು ತಾನಾಗೇ ಸಿಕ್ತು."

"ಬೇರೆ ಯಾರು ಹಾಕ್ಕೊಂಡಿದ್ರು ಅಂತ ಕೇಳಿದ್ರಾ?"

"ಕೇಳಿದ್ರು." ಅವರು ಬೀರುವಿನ ಬಾಗಿಲನ್ನು ಮೆಲ್ಲಗೆ ಹಾಕಿದರು. "ಬೀರುವಿಗೆ ಬೀಗ ಇಲ್ಲ ಅಂದೆ. ಹೆಸರು ಹೇಳಲಿಲ್ಲ. ಜೀವಮಾನವಿಡೀ ನಾನು ಹೇಳಿರೋದು ಅತಿಥಿಗಳ ಹೆಸರು ಮಾತ್ರ. ಅದೂ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳೋ ಹಾಗೆ." ಕಿಟಕಿಯಾಚೆ ಕರಗುತ್ತಿದ್ದ ಹಿಮವನ್ನು ನೋಡಿದರು. "ನಾವಿರೋ ಮನೆ ಮಂತ್ರಾಲಯದ್ದು. ಕೆಲಸ ಹೋದ್ರೆ ಮನೆಯೂ ಹೋಗುತ್ತೆ. ನನ್ನ ಹೆಂಡತಿ ಹಾಸಿಗೆ ಬಿಟ್ಟು ಎದ್ದು ಎರಡು ವರ್ಷ ಆಯ್ತು. ಅವಳನ್ನ ಮೆಟ್ಟಿಲಿಳಿಸೋದು ಹೇಗೆ ಅಂತ ಯೋಚನೆ ಮಾಡ್ತಿದ್ದೆ, ಅಷ್ಟೇ. ಟಪಾಲು ಅಲ್ಲಿಡಿ."

ಹಿನೆಕ್ ಇಟ್ಟ. ಹೊರಗೆ ಬಂದ. ಎಲ್ಲ ಗೊತ್ತಿದ್ದೂ ಆ ಮನುಷ್ಯ ಅವನನ್ನು ಒಂದು ಮಾತೂ ಕೇಳಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮೆಟ್ಟಿಲ ತಿರುವಿನಲ್ಲಿ ಹೆಡ್ವಿಕಾ ಅವನ ತೋಳು ಹಿಡಿದು ಗೋಡೆಗೆ ಎಳೆದಳು. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡವಳು, ಮನೆಯಲ್ಲಿ ಆರು ವರ್ಷದ ಮಗಳು. ಸಮಿತಿಯ ವಿಚಾರಣೆಯನ್ನು ಟೈಪ್ ಮಾಡಲು ಅವಳನ್ನೇ ಕೂರಿಸಿದ್ದರು.

"ಮುಖ ನೋಡು, ಸುಣ್ಣ ಬಳಿದ ಹಾಗಿದೆ," ಅಂದಳು. "ಏನು, ಹೋಗಿ ಒಪ್ಪಿಕೋಬೇಕು ಅಂತ ಹೊರಟಿದ್ದೀಯಾ?"

"ಅವರ ಹೆಂಡ್ತಿ ಹಾಸಿಗೆ ಹಿಡಿದಿದಾರೆ, ಹೆಡ್ವಿಕಾ."

"ಗೊತ್ತು. ಅವರಿಗೆ ಹೂವು ಕೊಡೋಕೆ ಪ್ರತಿ ಹಬ್ಬಕ್ಕೂ ಹೋಗೋಳು ನಾನು." ಅವಳು ದನಿ ತಗ್ಗಿಸಿದಳು. "ನೀನು ಹೌದು ಅಂದ ತಕ್ಷಣ ಮುಂದಿನ ಪ್ರಶ್ನೆ ಏನು ಅಂತ ಯೋಚನೆ ಮಾಡಿದೀಯಾ? ಸನ್ನೆ ಕೊಟ್ಟೋರು ಯಾರು ಅಂತ. ಆ ರೂಮಿನಲ್ಲಿ ಕೂತು ನೋಡಿದೀನಪ್ಪಾ, ಒಂದು ಹೆಸರಿಗೆ ಅವರು ನಿಲ್ಲಿಸಲ್ಲ. ಸೀರಿಯಲ್ ಬಲ್ಬಿನ ಥರ, ಒಂದು ಹತ್ತಿದ್ರೆ ಸಾಲೇ ಹತ್ತುತ್ತೆ."

"ಹಾಗಾದ್ರೆ ಏನು ಮಾಡ್ಲಿ?"

"ನನ್ನ ಕೇಳಬೇಡ. ನಾನು ಬರೀ ಟೈಪ್ ಮಾಡೋಳು." ಅವಳು ಎರಡು ಮೆಟ್ಟಿಲಿಳಿದು ತಿರುಗಿದಳು. "ಹಾಳಾದ್ದು, ಬಾಯ್ಲರಿನವನು ಅಂದ್ಕೊಂಡೆ ಕಣೋ."

ಮರುದಿನ ಬೆಳಿಗ್ಗೆ ಅವನ ತಾಯಿ ಅಂಗಿಗೆ ಇಸ್ತ್ರಿ ಹಾಕಿ, ಎಲ್ಲಿಂದಲೋ ತಂದ, ಪಕ್ಷದ ಒಂದು ಕೆಂಪು ಬಿಲ್ಲೆಯನ್ನು ಕೋಟಿಗೆ ಚುಚ್ಚಿದಳು. "ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು. ನಿಮ್ಮಪ್ಪನ ಥರ ತಮಾಷೆ ಮಾಡೋಕೆ ಹೋಗಬೇಡ," ಅಂದಳು. ಟ್ರಾಮಿನಲ್ಲಿ ಅವನು ಬಿಲ್ಲೆ ತೆಗೆದು ಜೇಬಿಗೆ ಹಾಕಿದ, ಅರಮನೆಯ ಮುಂದೆ ಮತ್ತೆ ಚುಚ್ಚಿಕೊಂಡ.

ಈಗ ಬೆಂಚಿನ ಇನ್ನೊಂದು ತುದಿಯಲ್ಲಿ ಡಾಕ್ಟರ್ ಸಿಖ್ರಾ ಬಂದು ಕೂತರು. ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡರು. ಬಾಗಿಲು ತೆರೆದು ಯಾರೋ ಕರೆದರು, "ಝೆಲಿಂಕಾ."

ಒಳಗೆ ಉದ್ದನೆಯ ಮೇಜಿಗೆ ಹಸಿರು ಬಟ್ಟೆ ಹಾಸಿತ್ತು. ನಡುವೆ ಕುಬಾತ್. ಅವನ ಎಡಬಲಕ್ಕೆ ಹಿನೆಕ್ ಕಂಡರಿಯದ ಇಬ್ಬರು. ಒಬ್ಬ ಚಾಕುವಿನಿಂದ ಸೇಬು ಹೆಚ್ಚುತ್ತಿದ್ದ. ಕಿಟಕಿಯ ಹತ್ತಿರ ಟೈಪ್‌ರೈಟರಿನ ಹಿಂದೆ ಹೆಡ್ವಿಕಾ, ಅವಳ ಕಣ್ಣು ಕೀಲಿಗಳ ಮೇಲೆ. ಹಸಿರು ಬಟ್ಟೆಯ ಮೇಲೆ, ಊಟಕ್ಕೆ ಬಡಿಸಿದ ಹಾಗೆ, ಆ ಬೂಟುಗಳು. ತುದಿಗಳು ಅವನ ಕಡೆಗೇ ಮುಖ ಮಾಡಿದ್ದವು. ಅವನಿಗೆ ತಟ್ಟನೆ ನೆನಪಾಯಿತು: ಆ ದಿನ ಅವಸರದಲ್ಲಿ ಪೇಪರು ತೆಗೆದಿರಲಿಲ್ಲ.

"ಕುಂದ್ರಪಾ," ಅಂದ ಕುಬಾತ್. "ನಿಮ್ಮಪ್ಪ ಏನ್ ಮಾಡ್ತಿದ್ದ?"

"ಟ್ರಾಮ್ ಕಂಡಕ್ಟರ್. ತೀರಿಕೊಂಡ್ರು."

"ಅಂದ್ರ ನಮ್ಮಾಂವನ. ಈ ಕೋಟು-ಟೈ ಮಂದಿ ನಡುವ ನಿಂಗೇನ್ ಕೆಲಸ?"

"ಭಾಷೆ ಬರುತ್ತೆ ಅಂತ ತೊಗೊಂಡ್ರು, ಕಾಮ್ರೇಡ್. ಫ್ರೆಂಚು, ಸ್ವಲ್ಪ ರಷ್ಯನ್."

"ಸ್ವಲ್ಪ ಅನ್ನೂದನ್ನ ಪೂರ್ತಿ ಮಾಡ್ಕೊ." ಸೇಬಿನವನು ಸಣ್ಣಗೆ ನಕ್ಕ. ಟೈಪ್‌ರೈಟರು ಟಕಟಕ ಅಂದು ನಿಂತಿತು. "ಈ ಬೂಟು ಯಾರವು?"

"ಡಾಕ್ಟರ್ ಸಿಖ್ರಾ ಅವರವು."

ಕುಬಾತ್ ಒಂದು ಬೂಟನ್ನು ಕೈಗೆ ತೆಗೆದುಕೊಂಡ. ಬೆಳಕಿಗೆ ಹಿಡಿದು ತಿರುಗಿಸಿದ. ಆಮೇಲೆ, ಬಾವಿಯಲ್ಲಿ ಕೊಡ ಹುಡುಕುವವನ ಹಾಗೆ, ಬಟ್ಟೆ ಸುತ್ತಿದ ಕೈಯನ್ನು ಮೆಲ್ಲಗೆ ಒಳಗೆ ತೂರಿಸಿದ. ಹೊರಗೆ ಬಂದದ್ದು ಒಂದು ಪೇಪರಿನ ಉಂಡೆ. ಅದನ್ನು ಮೇಜಿನ ಮೇಲಿಟ್ಟು ಅಂಗೈಯಿಂದ ಸವರಿ ಬಿಡಿಸಿದ. ಫುಟ್‌ಬಾಲಿನ ಪುಟ.

"ನಾವು ಐದು ಮಂದಿ ಅಣ್ಣತಮ್ಮಂದ್ರು," ಅಂದ ಕುಬಾತ್, ಯಾರಿಗೋ ಹೇಳುವಂತೆ. "ನಾನ ಸಣ್ಣಾಂವ. ದೊಡ್ಡಣ್ಣನ ಬೂಟು ಒಬ್ಬೊಬ್ಬರ ಕಾಲು ದಾಟಿ ನನ್ನ ಕಾಲಿಗೆ ಬರ್ತಿತ್ತು. ಅರ್ಧ ಬೂಟು, ಅರ್ಧ ಪೇಪರು. ತನ್ನ ಬೂಟಿಗೆ ಯಾವನೂ ಪೇಪರ್ ತುಂಬೂದಿಲ್ಲ." ಅವನ ಕಣ್ಣು ಮೇಜಿನ ಅಂಚು ದಾಟಿ ಹಿನೆಕ್‌ನ ಪಾದಗಳ ಮೇಲೆ ಇಳಿಯಿತು. ಅಲ್ಲೇ ನಿಂತಿತು. "ಇವು ನಿನ್ನ ಕಾಲಿಗೆ ದೊಡ್ಡವು ಆಗ್ತಾವಲ್ಲ?"

ಇಲ್ಲಿ ನೋಡಿ. ಹಿನೆಕ್ ಎದ್ದ. ಕೋಟು ಬಿಚ್ಚಿ ಕುರ್ಚಿಗೆ ಹಾಕಿದ. ಅಂಗೈಗೆ ಉಫ್ ಅಂತ ಊದಿಕೊಂಡು ಮರದ ನೆಲಕ್ಕೆ ಊರಿದ, ಕಾಲು ಮೇಲಕ್ಕೆಸೆದ. ಜೇಬಿನಿಂದ ಬಾಚಣಿಗೆ, ಟ್ರಾಮಿನ ಟಿಕೆಟ್ಟು ಎಲ್ಲ ಉದುರಿದವು. "ನೀವು ಹುಡುಕ್ತಿರೋ ಮನುಷ್ಯ ನಾನೇ. ಮುಖ ಸರಿಯಾಗಿ ನೋಡ್ಕೊಳ್ಳಿ, ಕಾಮ್ರೇಡ್. ಡಾಕ್ಟ್ರನ್ನ ಬಿಟ್ಟುಬಿಡಿ," ಅಂದ. ಕುಬಾತ್ ಮೇಜಿನ ಮೇಲಿಂದ ಬಾಗಿ, ಕತ್ತು ತಿರುಚಿ ನೋಡಿದ. ಮೊದಲು ಗಂಭೀರವಾಗಿದ್ದ ಮುಖ ಸಡಿಲಾಯಿತು. ಭಟ್ಟಿಯ ಬಾಗಿಲು ತೆರೆದ ಹಾಗೆ ನಕ್ಕ. ಸೇಬಿನವನು ಚಪ್ಪಾಳೆ ಹೊಡೆದ. ಡಾಕ್ಟರ್ ಸಿಖ್ರಾರನ್ನು ಒಳಗೆ ಕರೆದು ಕ್ಷಮೆ ಕೇಳಿ ಬೂಟು ವಾಪಸ್ಸು ಕೊಟ್ಟರು. ಹಿನ್ನೆಲೆ ಸಂಗೀತ, ಶುಭಂ.

ಚೆನ್ನಾಗಿದೆ ಅಲ್ಲವೇ? ಈ ಕಥೆಗೆ ಬಿಯರು ಕೊಡಿಸದವರನ್ನು ನಾನು ನೋಡಿಲ್ಲ. ಆದರೆ ನೀವು ಇಷ್ಟು ಹೊತ್ತು ಕೂತು ಕೇಳಿದ್ದೀರಿ, ನಿಮಗೆ ನಡೆದದ್ದನ್ನೇ ಹೇಳಿಬಿಡುತ್ತೇನೆ. ಹಿನೆಕ್ ಏಳಲಿಲ್ಲ. ಪಾದಗಳೆರಡನ್ನೂ ಕುರ್ಚಿಯ ಅಡಿಗೆ ಎಳೆದುಕೊಂಡ.

"ಹೌದು, ದೊಡ್ಡವು," ಅಂದ. "ನಾನು ಅವನ್ನ ಯಾವತ್ತೂ ಹಾಕ್ಕೊಂಡಿಲ್ಲ."

"ಯಾವತ್ತೂ?"

"ಯಾವತ್ತೂ ಇಲ್ಲ, ಕಾಮ್ರೇಡ್."

ಟೈಪ್‌ರೈಟರು ಸುಮ್ಮನಿತ್ತು. ಕುಬಾತ್ ಅತ್ತ ತಿರುಗಿ, "ಬರಕೊ ತಂಗಿ," ಅಂದ ಮೇಲೆ ಒಂದೊಂದೇ ಅಕ್ಷರ ಬಿತ್ತು. ಅವನಿಗೆ ಸಿಟ್ಟು ಬಂದಿರಲಿಲ್ಲ. ಸಂತೆಯಲ್ಲಿ ತಾನು ಹುಡುಕುತ್ತಿದ್ದ ಹತಾರ ಸಿಕ್ಕವನ ಹಾಗೆ ಹಿನೆಕ್‌ನನ್ನು ನೋಡುತ್ತಿದ್ದ. ಪೇಪರನ್ನು ಮತ್ತೆ ಉಂಡೆ ಮಾಡಿ, ಕೂಸಿನ ಕಾಲಿಗೆ ಕಾಲುಚೀಲ ತೊಡಿಸುವಷ್ಟು ಜೋಪಾನವಾಗಿ ಬೂಟಿನ ತುದಿಗೆ ತುರುಕಿದ.

"ಹೋಗಪಾ ತಮ್ಮಾ. ನೀ ಇಲ್ಲೇ ಇರ್ತಿ."

ಟೋಪಿ ಕೈಯಲ್ಲಿ ಹಿಡಿದು ಹಿನೆಕ್ ಹೊರಬಂದ. ಡಾಕ್ಟರ್ ಸಿಖ್ರಾ ಅವನ ಕೈಯನ್ನು ನೋಡಿದರು. ನೋವಿನ ಮೊಣಕಾಲನ್ನು ಒತ್ತಿಕೊಂಡು ಎದ್ದು, ಅತಿಥಿಗೆ ದಾರಿ ಬಿಡುವವರಂತೆ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ನಿಂತರು. ಅವನು ಹೋಗುವವರೆಗೂ ಕೂರಲಿಲ್ಲ. ಹಿನೆಕ್ ತನ್ನ ಕೋಣೆಯ ಬಾಗಿಲ ಸಂದಿಯಲ್ಲಿ ನಿಂತು ಕಾದ. ಅವರು ಒಳಗಿದ್ದದ್ದು ಒಂದು ಸಿಗರೇಟು ಸುಡುವಷ್ಟು ಹೊತ್ತೂ ಅಲ್ಲ. ಹೊಸ್ತಿಲಲ್ಲಿ ಟೋಪಿಯನ್ನು ತಲೆಗಿಟ್ಟು, ಎರಡು ಬೆರಳಿನಿಂದ ಅದರ ಅಂಚು ಸರಿಮಾಡಿಕೊಂಡರು. ಲಿಫ್ಟಿನ ಕಡೆ ಹೋಗದೆ ಮೆಟ್ಟಿಲುಗಳನ್ನು ಒಂದೊಂದಾಗಿ ಇಳಿದರು.

ಮರುದಿನ ಬೆಳಿಗ್ಗೆ ಬಾಗಿಲಿನ ಗೂಡಿನಲ್ಲಿ ಕೂರುವ ಮುದುಕ ಕೊಕ್ಕೆಗಳ ಹಲಗೆಯಿಂದ ಹಿನೆಕ್‌ನ ಕೀಲಿಕೈಯನ್ನು ತೆಗೆಯಲಿಲ್ಲ. ಮುದುಕ ಬೇರೊಂದು ಕೊಕ್ಕೆಗೆ ಕೈ ಹಾಕಿ, ದುಂಡನೆಯ ಹಿತ್ತಾಳೆ ಬಿಲ್ಲೆಯಿದ್ದ ಕೀಲಿಕೈಯನ್ನು ಮುಂದೆ ತಳ್ಳಿದ. "ಇನ್ಮೇಲೆ ನಿಮಗೆ ಇದಂತೆ," ಅಂದ, ಅವನ ಮುಖ ನೋಡದೆ. ಡಾಕ್ಟರ್ ಸಿಖ್ರಾರ ಕೋಣೆ. ಬೀರು ತೆರೆದರೆ ಬೂಟುಗಳು ತಮ್ಮ ಜಾಗದಲ್ಲಿದ್ದವು. ಪೇಪರು ಒಳಗೇ ಇತ್ತು. ಹತ್ತು ಗಂಟೆಗೆ ಪೋಲೆಂಡಿನವರು ಬರುವುದಿತ್ತು. ಹಿನೆಕ್ ಬಹಳ ಹೊತ್ತು ನಿಂತಿದ್ದು, ಕೊನೆಗೆ ಬೂಟು ಹಾಕಿಕೊಂಡ.

ಬಾಗಿಲು ತಟ್ಟದೆ ಕುಬಾತ್ ಒಳಗೆ ಬಂದ. ಬೂಟು ನೋಡಿದ, ಅದರ ಬಗ್ಗೆ ಏನೂ ಅನ್ನಲಿಲ್ಲ.

"ನಡಿ. ನನ್ನ ಜೋಡಿ ಆ ಲಿಫ್ಟಿನ್ಯಾಗ ಹತ್ತು," ಅಂದ. "ದಿನಾ ಮೆಟ್ಲ ಹತ್ತಿ ನನ್ನ ಎದಿ ಒಡ್ಯಾಕತ್ತೇತಿ. ಮ್ಯಾಲಿಂದ ದಾಟಿದ್ರ ಏನಾಗತೈತಿ ಅಂತ ಒಮ್ಮೆ ನೋಡ್ಬೇಕು. ಗೊತ್ತಿದ್ದಾಂವ ಜೋಡಿ ಇರಬೇಕಲ್ಲ."

ಏರುವ ಪೆಟ್ಟಿಗೆಗೆ ಇಬ್ಬರೂ ಹಾರಿದರು. ಕೊನೆಯ ಮಹಡಿ ಕೆಳಗೆ ಸರಿಯಿತು, ಹಿತ್ತಾಳೆ ತಗಡು ಸರಿಯಿತು, ಬೆಳಕು ಒಂದು ಗೆರೆಯಾಗಿ ಪಾದದಡಿ ಆರಿತು. ಗಾಲಿಗಳ ಗರಗರ. ಎಣ್ಣೆಯ, ದೂಳಿನ ವಾಸನೆ. ಕುಬಾತನ ಭಾರದ ಕೈ ಹಿನೆಕ್‌ನ ಹೆಗಲನ್ನು ಹುಡುಕಿ ಹಿಡಿಯಿತು.

"ಹೆದರಿಕಿ ಆಗತೈತೇನು?"

"ಇಲ್ಲ, ಕಾಮ್ರೇಡ್."

"ನಂಗ ಆಗತೈತಿ. ಸುಳ್ಳ್ಯಾಕ ಹೇಳ್ಲಿ." ಪೆಟ್ಟಿಗೆ ಕುಲುಕಿ, ನೆಟ್ಟಗೆ ನಿಂತೇ ಪಕ್ಕಕ್ಕೆ ಸರಿದು ಇಳಿಯತೊಡಗಿತು. "ಏನೂ ಆಗ್ಲಿಲ್ಲಲ್ಲೋ. ಇದ್ದಂಗ ಅದೀವಿ." ಉಸಿರು ಬಿಟ್ಟ. ಕೈ ತೆಗೆಯಲಿಲ್ಲ. "ಅವತ್ತ ನಾ ಬೀಳೂಕಿಂತ ಮೊದಲ ಯಾರೋ ಬಡದ್ರು. ಎರಡು ಸಲ. ಹಿತ್ತಾಳಿ ಮ್ಯಾಲ ಕಬ್ಬಿಣ. ಭಟ್ಟಿಯೊಳಗ ಇಪ್ಪತ್ತು ವರ್ಷ ಕೇಳಿದ ಕಿವಿ ಇವು. ಅದು ಯಾರಿರಬೇಕು?"

ಕೆಳಗಿನಿಂದ ಬೆಳಕು ಬಂತು. ಮೊದಲು ಹೊಳೆದದ್ದು ಬೂಟುಗಳು. ಮೂರನೇ ಮಹಡಿಯಲ್ಲಿ ಹೆಡ್ವಿಕಾ ಎದೆಗೆ ಫೈಲುಗಳನ್ನು ಅವಚಿಕೊಂಡು ನಿಂತಿದ್ದಳು, ಪೆಟ್ಟಿಗೆಗೆ ಹಾರಲು ಒಂದು ಕಾಲು ಮುಂದಿಟ್ಟು. ಮಣಿಕಟ್ಟಿನ ರಿಬ್ಬನ್ನಿನಲ್ಲಿ ಕೀಲಿಕೈ ತೂಗುತ್ತಿತ್ತು. ಅವಳು ಇಬ್ಬರನ್ನೂ ನೋಡಿದಳು. ಹೆಗಲ ಮೇಲಿನ ಕೈಯನ್ನು ನೋಡಿದಳು. ಕಾಲನ್ನು ಹಿಂದಕ್ಕೆ ತೆಗೆದುಕೊಂಡು, ತೂಗುತ್ತಿದ್ದ ಕೀಲಿಕೈಯನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು. ಪೆಟ್ಟಿಗೆ ನಿಲ್ಲದೆ ಇಳಿಯುತ್ತಲೇ ಇತ್ತು. ಅವಳ ಮುಖ ಮೇಲೆ ಹೋಯಿತು, ಮುಷ್ಟಿ ಹೋಯಿತು, ಹಿನೆಕ್‌ನ ಕಣ್ಣಿನ ನೇರಕ್ಕೆ ಅವಳ ಸವೆದ ಬೂಟುಗಳು ಬಂದವು.